ಆಮ್ಲದ ಮೇಲೆ ಹೊರಿಸಿದ ಅಪವಾದ

ಕೆರೆಬಿಳಚಿಯಂಥ ಊರುಗಳಿಂದ ಚನ್ನಗಿರಿಗೋ ದಾವಣಗೆರೆಗೋ ಹೋಗಿ ಜಿಮ್ ಸೇರುವ ಹುಡುಗರು ಮೊದಲ ವಾರದಲ್ಲೇ ಎರಡು ಪಾಠ ಕಲಿತು ಬರುತ್ತಾರೆ. ಮೈ ಕಟ್ಟಬೇಕಾದರೆ ಕ್ರಿಯಾಟಿನ್ ಪುಡಿಯ ಡಬ್ಬಿ ತರಬೇಕು ಎನ್ನುವುದು ಒಂದು. ಮರುದಿನ ಬೆಳಿಗ್ಗೆ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದಿದ್ದರೆ ಅದು ‘ಲ್ಯಾಕ್ಟಿಕ್ ಆಸಿಡ್ ಕೂತಿರುವುದು’, ತಿಕ್ಕಿಸಿ, ಬೆವರಿಳಿಸಿ ಅದನ್ನು ಹೊರಹಾಕಬೇಕು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಬಾಯಿ ಹೇಳುವುದನ್ನು ಕೇಳಿದಾಗ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಸ್ನಾಯುವಿನಲ್ಲಿ ಕ್ರಿಯಾಟಿನ್ನಿಗೆ ಏನು ಕೆಲಸ ಎಂದು ತೋರಿಸಿದ ಸಂಶೋಧನೆ ಯಾವುದೋ, ಲ್ಯಾಕ್ಟಿಕ್ ಆಮ್ಲವನ್ನು ಸಿಂಹಾಸನದಿಂದ ಇಳಿಸಲು ದಾರಿ ಮಾಡಿಕೊಟ್ಟದ್ದೂ ಅದೇ. ಆ ಪಟ್ಟ ಹೋಗಿ ತೊಂಬತ್ತು ವರ್ಷ ದಾಟಿದೆ. ನಮ್ಮಲ್ಲಿ ಇನ್ನೂ ಜಯಕಾರ ನಿಂತಿಲ್ಲ.

ಜಿಮ್ಮಿನ ತರಬೇತುದಾರನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅವನು ಶಾಲೆಯಲ್ಲಿ ಕಲಿತದ್ದನ್ನೇ ಹೇಳುತ್ತಿದ್ದಾನೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಜೀವಕ್ರಿಯೆಗಳ ಪಾಠದಲ್ಲಿ, ಆಮ್ಲಜನಕ ಸಾಲದಾದಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ, ಅದರಿಂದ ಸ್ನಾಯುಸೆಳೆತ ಬರುತ್ತದೆ ಎಂಬರ್ಥದ ಮಾತಿದೆ. ಅದು ದೆಹಲಿಯ ಎನ್‌ಸಿಇಆರ್‌ಟಿ ಪುಸ್ತಕದಿಂದ ನಮ್ಮ ರಾಜ್ಯದ ಪುಸ್ತಕಕ್ಕೆ ಕನ್ನಡವಾಗಿ ಇಳಿದು ಬಂದದ್ದು. ಪರೀಕ್ಷೆಗೆ ಅದು ಒಂದು ಅಂಕದ ಪ್ರಶ್ನೆ. ಆ ಒಂದು ಅಂಕ ಪಡೆದವರೇ ಮುಂದೆ ದೈಹಿಕ ಶಿಕ್ಷಕರಾಗುತ್ತಾರೆ, ಕಾಂಪೌಂಡರ್ ಆಗುತ್ತಾರೆ, ಪತ್ರಿಕೆಯ ಆರೋಗ್ಯ ಪುರವಣಿಗೆ ಬರೆಯುತ್ತಾರೆ. ಕೆಲವರು ವೈದ್ಯರೂ ಆಗುತ್ತಾರೆ. ಅಲ್ಲಿ ಬೇರೆ ಪಾಠ ಕಲಿತರೂ ರೋಗಿಯ ಮುಂದೆ ಬಾಯಿಗೆ ಬರುವುದು ಹತ್ತನೇ ಕ್ಲಾಸಿನದೇ. ಹೀಗೆ ಒಂದು ತಪ್ಪು ಊರಿಡೀ ತಿರುಗಿ ‘ಎಲ್ಲರಿಗೂ ಗೊತ್ತಿರುವ ವಿಷಯ’ವಾಗಿಬಿಟ್ಟಿದೆ.

ತಪ್ಪು ಹುಟ್ಟಿದ್ದು ಅಜ್ಞಾನದಿಂದಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹುಳಿ ಹಾಲಿನಿಂದ ಈ ಆಮ್ಲವನ್ನು ಮೊದಲು ಬೇರ್ಪಡಿಸಿದ್ದು ಸ್ವೀಡನ್ನಿನ ಶೀಲೆ, 1780ರಲ್ಲಿ. ಅದು ಮಾಂಸದಲ್ಲೂ ಇದೆ ಎಂದು ಬರ್ಜೇಲಿಯಸ್ ಕಂಡದ್ದು 1807ರ ಹೊತ್ತಿಗೆ. ಸುಮಾರು ನೂರು ವರ್ಷದ ಮೇಲೆ, 1907ರಲ್ಲಿ, ಕೇಂಬ್ರಿಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಒಂದು ಜಾಣತನ ಮಾಡಿದರು. ಅಲ್ಲಿಯವರೆಗೆ ಸ್ನಾಯುವನ್ನು ಅರೆಯುವಾಗಲೇ ಅದರಲ್ಲಿ ಆಮ್ಲ ಹುಟ್ಟಿಬಿಡುತ್ತಿತ್ತು, ಹಾಗಾಗಿ ಯಾವ ಲೆಕ್ಕವೂ ನಿಲ್ಲುತ್ತಿರಲಿಲ್ಲ. ಇವರು ಕಪ್ಪೆಯ ಸ್ನಾಯುವನ್ನು ಮಂಜಿನಷ್ಟು ತಣ್ಣಗಿನ ಮದ್ಯಸಾರದಲ್ಲಿ ಅದ್ದಿ ರಾಸಾಯನಿಕ ಕ್ರಿಯೆಯನ್ನು ಅಲ್ಲಿಗೇ ತಡೆದರು. ಆಗ ಕಂಡದ್ದು ಇಷ್ಟು: ಆಮ್ಲಜನಕವಿಲ್ಲದೆ ದುಡಿದು ಸೋತ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ, ಆಮ್ಲಜನಕ ಕೊಟ್ಟರೆ ಕಡಿಮೆಯಾಗುತ್ತದೆ. ಪ್ರಯೋಗ ಅಪ್ಪಟವಾಗಿತ್ತು. ಅದರಿಂದ ಮುಂದಿನವರು ಎಳೆದ ತೀರ್ಮಾನ ಮಾತ್ರ ಹದ್ದು ಮೀರಿತು. ಆ ಆಮ್ಲವೇ ಸ್ನಾಯುವನ್ನು ಸಂಕುಚಿಸುವ ಯಂತ್ರದ ಕೀಲಿ ಎಂದರು. ಸ್ನಾಯುವಿನ ಶಾಖವನ್ನು ಅಳೆದ ಇಂಗ್ಲೆಂಡಿನ ಎ.ವಿ. ಹಿಲ್, ಆಮ್ಲಜನಕಕ್ಕೂ ಲ್ಯಾಕ್ಟಿಕ್ ಆಮ್ಲಕ್ಕೂ ಇರುವ ಲೆಕ್ಕ ಹಿಡಿದ ಜರ್ಮನಿಯ ಮೇಯರ್ಹಾಫ್ ಇಬ್ಬರಿಗೂ 1922ರ ನೊಬೆಲ್ ಬಂತು. ನೊಬೆಲ್ ಬಂದ ಮೇಲೆ ಯಾರು ಎದುರು ಮಾತಾಡುತ್ತಾರೆ?

ಎದುರು ಮಾತಾಡಿದ್ದು ಒಂದು ಬಣ್ಣ. ಅದೇ ಹೊತ್ತಿಗೆ ಬಾಸ್ಟನ್ನಿಗೆ ಬಂದಿಳಿದವರು ಯಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಮದ್ರಾಸು ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧಿಯ ಕರೆಗೆ ಓಗೊಟ್ಟು ಖಾದಿ ತೊಟ್ಟು ಶಸ್ತ್ರಚಿಕಿತ್ಸೆಯ ಪ್ರೊಫೆಸರರ ಕೋಪಕ್ಕೆ ಗುರಿಯಾದರು. ಎಂಬಿಬಿಎಸ್ ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದರು. ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯ ರಾತ್ರಿಪಾಳಿಯ ಕೆಲಸ ಮಾಡಿದರು. ಆಮೇಲೆ ಹಾರ್ವರ್ಡಿನ ಸೈರಸ್ ಫಿಸ್ಕ್ ಜೊತೆ ಸೇರಿ, ರಂಜಕವನ್ನು ಅಳೆಯುವ ಒಂದು ವಿಧಾನ ರೂಪಿಸಿ 1925ರಲ್ಲಿ ಪ್ರಕಟಿಸಿದರು. ಮಾದರಿಗೆ ಮಾಲಿಬ್ಡೇಟ್ ಮತ್ತು ಇನ್ನೊಂದು ರಾಸಾಯನಿಕ ಸೇರಿಸಿದರೆ ನೀಲಿ ಬಣ್ಣ ಏಳುತ್ತದೆ. ಬಣ್ಣ ಎಷ್ಟು ಗಾಢವೋ ರಂಜಕ ಅಷ್ಟು. ಬಯೋಕೆಮಿಸ್ಟ್ರಿ ಓದಿದ ಮಕ್ಕಳು ಪ್ರಾಕ್ಟಿಕಲ್ಲಿನಲ್ಲಿ ಇಂದಿಗೂ ಇದನ್ನು ಮಾಡುತ್ತಾರೆ, ಫಿಸ್ಕ್–ಸುಬ್ಬರಾವ್ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ, ಆ ಎರಡನೆಯ ಹೆಸರು ಪಕ್ಕದ ಸೀಮೆಯವನದು ಎಂದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಈ ವಿಧಾನವನ್ನು ಸ್ನಾಯುವಿನ ಸಾರಕ್ಕೆ ಹಾಕಿದಾಗ ಬಣ್ಣ ತಕರಾರು ಮಾಡಿತು. ಸಾಮಾನ್ಯ ಫಾಸ್ಫೇಟಿಗೆ ನೀಲಿ ಬೇಗ ಏಳಬೇಕು. ಇಲ್ಲಿ ತಡೆದು ತಡೆದು, ನಿಧಾನವಾಗಿ ಏರುತ್ತಾ ಹೋಯಿತು. ಬೇರೆಯವರಾಗಿದ್ದರೆ ರಾಸಾಯನಿಕ ಹಳತಾಗಿದೆ ಎಂದು ಬಾಟಲಿ ಚೆಲ್ಲುತ್ತಿದ್ದರು. ಇವರು ಆ ತಡವನ್ನೇ ಹಿಡಿದು ಕೂತರು. ಅದುವರೆಗೆ ಎಲ್ಲರೂ ಬಿಡಿ ಫಾಸ್ಫೇಟ್ ಎಂದು ಲೆಕ್ಕ ಹಾಕುತ್ತಿದ್ದುದರಲ್ಲಿ ದೊಡ್ಡ ಪಾಲು ಬಿಡಿಯಾಗಿರಲೇ ಇಲ್ಲ, ಬಹಳ ಸಡಿಲವಾಗಿ ಕ್ರಿಯಾಟಿನ್ನಿಗೆ ಅಂಟಿಕೊಂಡಿತ್ತು. ಪರೀಕ್ಷೆಯ ಆಮ್ಲದಲ್ಲೇ ಅದು ಕಳಚಿಕೊಳ್ಳುತ್ತಿತ್ತು, ಅದಕ್ಕೇ ಬಣ್ಣ ತಡವಾಗಿ ಏಳುತ್ತಿತ್ತು. 1927ರಲ್ಲಿ ಫಾಸ್ಫೋಕ್ರಿಯಾಟಿನ್ ಹೀಗೆ ಬೆಳಕಿಗೆ ಬಂತು. ಅದೇ ವರ್ಷ ಲಂಡನ್ನಿನಲ್ಲಿ ಎಗಲ್‌ಟನ್ ದಂಪತಿ ಇದೇ ಪದಾರ್ಥದ ಜಾಡು ಹಿಡಿದಿದ್ದರು, ಅದನ್ನೂ ಹೇಳಬೇಕು. ಆದರೆ ಅದು ಕ್ರಿಯಾಟಿನ್ ಮತ್ತು ಫಾಸ್ಫೇಟ್ ಕೂಡಿದ ವಸ್ತು ಎಂದು ತೋರಿಸಿದ್ದು ಹಾರ್ವರ್ಡಿನ ಜೋಡಿ. ಸ್ನಾಯು ದುಡಿದಾಗ ಅದು ಇಳಿಯುತ್ತದೆ, ದಣಿವಾರಿಸಿಕೊಂಡಾಗ ಮತ್ತೆ ತುಂಬಿಕೊಳ್ಳುತ್ತದೆ. 1929ರಲ್ಲಿ ಇವರೂ, ಮೇಯರ್ಹಾಫ್‌ನ ಪ್ರಯೋಗಾಲಯದಲ್ಲೇ ಇದ್ದ ಲೋಮನ್ನನೂ, ಸ್ನಾಯುವಿಗೆ ನೇರವಾಗಿ ಶಕ್ತಿ ಕೊಡುವ ಎಟಿಪಿಯನ್ನು ಬೇರೆ ಬೇರೆಯಾಗಿ ಕಂಡರು. ಇಂದು ನಮಗೆ ಗೊತ್ತಿರುವ ಲೆಕ್ಕ ಹೀಗಿದೆ: ಸ್ನಾಯುವಿನಲ್ಲಿ ಕೂಡಿಟ್ಟ ಎಟಿಪಿ ಜೋರು ದುಡಿತದ ಒಂದೆರಡು ಸೆಕೆಂಡಿಗೆ ಸಾಕು, ಅದು ಮುಗಿಯದಂತೆ ಮತ್ತೆ ಮತ್ತೆ ತುಂಬಿ ಸುಮಾರು ಹತ್ತು ಸೆಕೆಂಡು ಕಾಯುವುದು ಫಾಸ್ಫೋಕ್ರಿಯಾಟಿನ್. ಅಖಾಡದಲ್ಲಿ ಪೈಲ್ವಾನ್ ಎದುರಾಳಿಯನ್ನು ಎತ್ತಿ ಒಗೆಯುವ ಆ ಗಳಿಗೆ ನಡೆಯುವುದು ಇದರಿಂದ.

ಸುಬ್ಬರಾವ್ ಬಗ್ಗೆ ನಮ್ಮ ಕಡೆ ಬರೆಯುವವರೆಲ್ಲ ನೊಬೆಲ್ ತಪ್ಪಿತಲ್ಲ ಎಂದು ಕಣ್ಣೀರು ಹಾಕುತ್ತಾರೆ. ಕೆಲವರು ಕೈಗೆ ಸಿಕ್ಕಿದ ಔಷಧವನ್ನೆಲ್ಲ ಅವರ ಹೆಸರಿಗೆ ಬರೆದುಬಿಡುತ್ತಾರೆ. ಆರಿಯೋಮೈಸಿನ್ ಎಂಬ ಔಷಧ ಕಂಡದ್ದು ಬೆಂಜಮಿನ್ ಡಗ್ಗರ್, ಸುಬ್ಬರಾವ್ ಮುಂದೆ ನಡೆಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ. ಆನೆಕಾಲು ರೋಗಕ್ಕೆ ನಮ್ಮ ಸರ್ಕಾರ ಇಂದಿಗೂ ಹಂಚುವ ಡಿಇಸಿ ಮಾತ್ರೆ ಅವರ ತಂಡದ್ದು. ಇದೆಲ್ಲ ಸರಿ. ಆದರೆ ಹಾರ ಹಾಕಿ, 1995ರಲ್ಲಿ ಅಂಚೆಚೀಟಿ ತಂದು, ಅವರು ಸ್ನಾಯುವಿನ ಬಗ್ಗೆ ಕಂಡದ್ದನ್ನು ಪಾಠಪುಸ್ತಕದಲ್ಲಿ ಉಲ್ಟಾ ಕಲಿಸುವುದು ಎಂಥ ಗೌರವವೋ ತಿಳಿಯದು.

ಕೊನೆಯ ಪೆಟ್ಟು ಕೊಟ್ಟವನು ಕೋಪನ್‌ಹೇಗನ್ನಿನ ಐನಾರ್ ಲುಂಡ್ಸ್‌ಗಾರ್ಡ್, 1930ರಲ್ಲಿ. ಅಯೋಡೋಅಸಿಟಿಕ್ ಆಮ್ಲ ಎಂಬ ವಿಷ ಚುಚ್ಚಿದರೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುವ ದಾರಿ ಮುಚ್ಚಿಹೋಗುತ್ತದೆ. ಹಿಲ್–ಮೇಯರ್ಹಾಫ್ ಹೇಳಿದ್ದು ನಿಜವಾಗಿದ್ದರೆ ಅಂಥ ಕಪ್ಪೆಯ ಕಾಲು ಅಲುಗಲೇಬಾರದು. ಅಲುಗಿತು, ಮತ್ತೆ ಮತ್ತೆ ಸಂಕುಚಿಸಿತು. ಆಮ್ಲ ಹುಟ್ಟಲಿಲ್ಲ, ಫಾಸ್ಫೋಕ್ರಿಯಾಟಿನ್ ಕರಗುತ್ತಾ ಹೋಯಿತು. ಅದು ಪೂರ್ತಿ ಮುಗಿದ ಮೇಲೆ ಕಾಲು ಸೆಟೆದು ನಿಂತಿತು. ಆಮ್ಲವೇ ಇಲ್ಲದೆ ದುಡಿಯಿತು, ಆಮ್ಲವೇ ಇಲ್ಲದೆ ಸೋತಿತು, ಆಮ್ಲವೇ ಇಲ್ಲದೆ ಸೆಟೆಯಿತು. ಮೇಯರ್ಹಾಫ್ ತನ್ನ ಪ್ರಯೋಗಾಲಯದಲ್ಲೇ ಇದನ್ನು ಪರೀಕ್ಷಿಸಿ ಒಪ್ಪಿಕೊಂಡ. ಹಿಲ್ 1932ರಲ್ಲಿ ಸ್ನಾಯುವಿಜ್ಞಾನದ ‘ಕ್ರಾಂತಿ’ ಎಂದೇ ತಲೆಬರಹ ಕೊಟ್ಟು, ತನ್ನದೇ ಸಿದ್ಧಾಂತ ಬಿದ್ದದ್ದನ್ನು ಲೇಖನವಾಗಿ ಬರೆದ. ಈ ಹಿಲ್ 1943ರಲ್ಲಿ ಭಾರತಕ್ಕೂ ಬಂದಿದ್ದ, ನಮ್ಮ ವೈಜ್ಞಾನಿಕ ಸಂಶೋಧನೆ ಹೇಗಿರಬೇಕೆಂದು ವರದಿ ಬರೆದುಕೊಡಲು. ನೊಬೆಲ್ ಪಡೆದವರೇ ಕೈಬಿಟ್ಟದ್ದನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಇಲ್ಲಿ ಒಬ್ಬ ಜಾಣ ಓದುಗ ಕೇಳಬಹುದು: ‘ಸ್ವಾಮಿ, ಅದು ಸ್ನಾಯು ಹೇಗೆ ಸಂಕುಚಿಸುತ್ತದೆ ಎಂಬ ಮಾತಾಯಿತು. ನಾವು ಹೇಳುತ್ತಿರುವುದು ನೋವಿನ ವಿಷಯ.’ ಸರಿ, ನೋವಿಗೇ ಬರೋಣ. ಅದಕ್ಕೆ ಪ್ರಯೋಗಾಲಯ ಬೇಡ, ಸೂಳೆಕೆರೆಯ ನೀರು ಹರಿಯುವ ಗದ್ದೆ ಸಾಕು.

ನಾಟಿ ಶುರುವಾದ ಮೊದಲ ದಿನ ಸಂಜೆ ಹೆಣ್ಣುಮಕ್ಕಳು ದಣಿದು ಮನೆಗೆ ಬರುತ್ತಾರೆ. ಸೊಂಟ, ತೊಡೆಯ ಹಿಂಭಾಗ ನಿಜವಾಗಿ ಹಿಡಿದುಕೊಳ್ಳುವುದು ಮರುದಿನ, ಅದರ ಮರುದಿನ. ರಕ್ತಕ್ಕೆ ಸೇರಿದ ಲ್ಯಾಕ್ಟೇಟ್, ಅಂದರೆ ಮೈಯೊಳಗೆ ಲ್ಯಾಕ್ಟಿಕ್ ಆಮ್ಲ ಇರುವ ರೂಪ, ದುಡಿತ ನಿಂತ ಸುಮಾರು ಒಂದು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ಮನೆ ಸೇರಿ ಕೈಕಾಲು ತೊಳೆಯುವ ಹೊತ್ತಿಗೇ ಊರು ಬಿಟ್ಟವನನ್ನು ಮೂರನೆಯ ದಿನದ ಕಳ್ಳತನಕ್ಕೆ ಹಿಡಿದರೆ ಯಾವ ಪಂಚಾಯಿತಿ ಒಪ್ಪುತ್ತದೆ? ಅಷ್ಟಕ್ಕೂ ನಾಟಿ ಓಟವಲ್ಲ. ನಿಧಾನದ, ದಿನವಿಡೀ ಬಗ್ಗಿ ಮಾಡುವ ಕೆಲಸದಲ್ಲಿ ಲ್ಯಾಕ್ಟೇಟ್ ಹೆಚ್ಚು ಏರುವುದೇ ಇಲ್ಲ. ಹಾಗಿದ್ದೂ ನೋವು ನೂರು ಮೀಟರ್ ಓಡಿದವನಿಗಿಂತ ಹೆಚ್ಚು.

ಅಡಿಕೆ ತೋಟದಲ್ಲಿ, ಎಪಿಎಂಸಿ ಅಂಗಳದಲ್ಲಿ ದುಡಿಯುವವರಿಗೆ ಇನ್ನೊಂದು ಸಂಗತಿ ಗೊತ್ತಿದೆ. ಚೀಲ ಎತ್ತುವುದು ಉಸಿರು ಕಟ್ಟಿಸುತ್ತದೆ. ಮೈ ಹಿಡಿಸುವುದು ಮಾತ್ರ ಚೀಲ ಇಳಿಸುವುದು. ಗುಡ್ಡ ಹತ್ತಿದವನು ಏದುಸಿರು ಬಿಡುತ್ತಾನೆ, ಇಳಿದವನು ಮರುದಿನ ಕುಂಟುತ್ತಾನೆ. ಗರಡಿಯಲ್ಲಿ ಬೈಠಕ್ ಹೊಡೆಯುವವನ ತೊಡೆ ಹಿಡಿಯುವುದೂ ಮೈಭಾರ ತಡೆದುಕೊಂಡು ಕೆಳಗೆ ಇಳಿಯುವಾಗಿನ ದುಡಿತಕ್ಕೆ. ಭಾರ ಹೊತ್ತುಕೊಂಡೇ ಉದ್ದಕ್ಕೆ ಎಳೆಸಿಕೊಳ್ಳುವ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ದುರಸ್ತಿ ಶುರುವಾಗುತ್ತದೆ, ಉರಿಯೂತ ಏಳುತ್ತದೆ, ಅಲ್ಲಿನ ನರಗಳು ಸಣ್ಣ ಒತ್ತಡಕ್ಕೂ ಚೀರುವಂತಾಗುತ್ತವೆ. ಅದಕ್ಕೇ ನೋವು ಒಂದು ದಿನ ತಡವಾಗಿ ಬರುವುದು. ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿತು. ಸಮತಟ್ಟಾಗಿ ಓಡಿದವರಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ಮರುದಿನದ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಆಮ್ಲ ಏರಲಿಲ್ಲ, ನೋವು ಬಂತು. ಇದಕ್ಕಿಂತ ಸ್ಪಷ್ಟವಾದ ಖುಲಾಸೆ ಯಾವ ಆರೋಪಿಗೂ ಸಿಗುವುದಿಲ್ಲ. ತಮಾಷೆಯೆಂದರೆ, ಮರುದಿನದ ನೋವಿಗೆ ಸ್ನಾಯುವಿನೊಳಗಿನ ಹರುಕೇ ಕಾರಣ ಎಂದು ಥಿಯೋಡರ್ ಹಫ್ ಎಂಬವನು ಬರೆದದ್ದು 1902ರಲ್ಲಿ. ಸರಿಯುತ್ತರ ತಪ್ಪುತ್ತರಕ್ಕಿಂತ ಐದು ವರ್ಷ ಮೊದಲೇ ಬಂದು ಮೂಲೆಯಲ್ಲಿ ಕೂತಿತ್ತು.

ಇನ್ನೂ ಸಂಶಯವಿದ್ದವರು 1951ನ್ನು ನೋಡಲಿ. ಲಂಡನ್ನಿನ ವೈದ್ಯ ಬ್ರಯಾನ್ ಮೆಕಾರ್ಡಲ್ ಬಳಿಗೆ ಮೂವತ್ತು ವರ್ಷದ ಒಬ್ಬ ರೋಗಿ ಬಂದ. ಸ್ವಲ್ಪ ದುಡಿದರೂ ಸ್ನಾಯು ನೋವು, ಸೆಟೆತ. ರಕ್ತ ಪರೀಕ್ಷಿಸಿದರೆ ವ್ಯಾಯಾಮದ ಮೇಲೆ ಲ್ಯಾಕ್ಟೇಟ್ ಏರುವುದರ ಬದಲು ಇಳಿದಿತ್ತು. ಸ್ನಾಯುವಿನ ಗ್ಲೈಕೋಜನ್ ಒಡೆಯುವ ಕಿಣ್ವವೇ ಅಂಥವರಲ್ಲಿ ಇರುವುದಿಲ್ಲ ಎಂದು ಆಮೇಲೆ ತಿಳಿಯಿತು. ಆ ಆಮ್ಲವನ್ನು ಹುಟ್ಟಿಸಲಾರದವನಿಗೇ ಎಲ್ಲರಿಗಿಂತ ಬೇಗ ಸುಸ್ತು, ಎಲ್ಲರಿಗಿಂತ ಕೆಟ್ಟ ಸೆಳೆತ. ನಮ್ಮ ಪಾಠಪುಸ್ತಕದ ಪ್ರಕಾರ ಅವನು ಭೂಮಿಯ ಮೇಲೆ ಅತ್ಯಂತ ಸುಖಿ ಆಗಿರಬೇಕಿತ್ತು.

ಹಾಗಾದರೆ ಆಮ್ಲಕ್ಕೆ ಯಾವ ಪಾತ್ರವೂ ಇಲ್ಲವೇ? ಇದೆ. ಉಸಿರು ಕಟ್ಟಿ ಓಡುವಾಗ, ಕೊನೆಯ ಬೈಠಕ್ಕುಗಳನ್ನು ಹಲ್ಲು ಕಚ್ಚಿ ಹೊಡೆಯುವಾಗ ಆಗುವ ಉರಿಯಲ್ಲಿ ಆಮ್ಲೀಯತೆಯದೂ ಪಾಲಿದೆ. ಬೇರೆ ಪದಾರ್ಥಗಳ ಜೊತೆ ಸೇರಿದ ಪಾಲು. ಆ ಉರಿ, ದುಡಿತ ನಿಂತ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ದುಡಿತ ಜೋರಾದಷ್ಟೂ ಲ್ಯಾಕ್ಟೇಟ್ ಏರುತ್ತದೆ ಎನ್ನುವುದೂ ನಿಜ, ಅದನ್ನು ಅಳೆದು ಓಟಗಾರರಿಗೆ ತರಬೇತಿ ಕೊಡುವುದೂ ಸರಿಯೇ. ಆದರೆ ಕೆರೆ ಕೋಡಿ ಬಿದ್ದ ದಿನ ಏರಿಯ ಮೇಲೆ ಜನ ಸೇರುತ್ತಾರೆ. ಜನ ಸೇರಿದ್ದಕ್ಕೇ ಕೋಡಿ ಬಿತ್ತು ಎಂದು ಯಾರೂ ಹೇಳುವುದಿಲ್ಲ. ಸ್ನಾಯು ಸೋಲುವುದರ ಬಗ್ಗೆ ಸಂಶೋಧಕರು ಇಂದು ಬೊಟ್ಟು ಮಾಡುವ ಮುಖ್ಯ ಕಾರಣಗಳಲ್ಲಿ ಒಂದು, ಫಾಸ್ಫೋಕ್ರಿಯಾಟಿನ್ ಒಡೆದಾಗ ಬಿಡುಗಡೆಯಾಗಿ ಒಳಗೇ ಸೇರಿಕೊಳ್ಳುವ ಫಾಸ್ಫೇಟ್. ಅಂದರೆ ಸುಬ್ಬರಾವ್ ನೀಲಿ ಬಣ್ಣದಲ್ಲಿ ಅಳೆದ ಅದೇ ವಸ್ತು. ಲ್ಯಾಕ್ಟೇಟೋ, ಹೃದಯ ಅದನ್ನು ಉರಿಸಿ ಶಕ್ತಿ ಪಡೆಯುತ್ತದೆ, ಪಿತ್ತಜನಕಾಂಗ ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಈ ಎರಡನೆಯ ದಾರಿಯನ್ನು ಕಂಡ ಕೋರಿ ದಂಪತಿಗೆ 1947ರ ನೊಬೆಲ್ ಬಂತು. ಲ್ಯಾಕ್ಟೇಟ್ ಒಂದು ಅಂಗದಿಂದ ಇನ್ನೊಂದಕ್ಕೆ ಸಾಗುವ ಇಂಧನ ಎಂದು ಬರ್ಕ್ಲಿಯ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ಹೇಳುತ್ತಲೇ ಬಂದಿದ್ದಾರೆ. ಇಂಧನವನ್ನು ಕಸ ಎಂದು ಕರೆದು ತಿಕ್ಕಿ ತೆಗೆಯಲು ಹೊರಟಿದ್ದೇವೆ.

ಹೋಗಲಿ ಬಿಡಿ, ಒಂದು ಸಣ್ಣ ತಪ್ಪಿಗೆ ಇಷ್ಟು ಜಗಳವೇಕೆ ಎನ್ನುವವರಿದ್ದಾರೆ. ಜಗಳ ಇರುವುದು ಇಲ್ಲೇ. ನೋವಿಗೆ ಕಾರಣ ಮೈಯೊಳಗೆ ಹುಟ್ಟಿದ ಆಮ್ಲ ಎಂದರೆ ತಪ್ಪು ಮೈಯದ್ದಾಯಿತು. ಎಷ್ಟು ಹೊರಿಸಿದರು, ಎಷ್ಟು ಹೊತ್ತು ಬಗ್ಗಿಸಿದರು, ರೂಢಿಯಿಲ್ಲದವನನ್ನು ಮೊದಲ ದಿನವೇ ಎಷ್ಟು ದುಡಿಸಿದರು ಎಂದು ಯಾರೂ ಕೇಳಬೇಕಿಲ್ಲ. ಗುತ್ತಿಗೆ ನಾಟಿಯಲ್ಲಿ ಎಕರೆ ಲೆಕ್ಕ, ಹಮಾಲಿಯಲ್ಲಿ ಚೀಲದ ಲೆಕ್ಕ. ರಜೆಯಲ್ಲಿ ಬಂದ ಕಾಲೇಜು ಹುಡುಗನೂ ಇಪ್ಪತ್ತು ವರ್ಷ ಹೊತ್ತವನ ಸಮಕ್ಕೆ ಹೊರಬೇಕು. ಮೈ ಹಿಡಿದರೆ ಮಾತ್ರೆ ನುಂಗಿ, ಇಲ್ಲವೇ ಸೊಂಟಕ್ಕೆ ಒಂದು ಸೂಜಿ ಚುಚ್ಚಿಸಿಕೊಂಡು ಮತ್ತೆ ಅದೇ ಕೆಲಸಕ್ಕೆ. ನೋವು ‘ಆಸಿಡ್’ ಆದಾಗ ಚಿಕಿತ್ಸೆ ಬೇಕಾದದ್ದು ಆಳಿಗೆ; ನೋವು ಸ್ನಾಯುವಿನ ಹರುಕಾದಾಗ ಬದಲಾಗಬೇಕಾದದ್ದು ಕೆಲಸದ ಲೆಕ್ಕ. ಆಮ್ಲದ ಕಥೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಪಾಠಪುಸ್ತಕವೊಂದೇ ಕಾರಣವಲ್ಲ, ಅದು ದುಡಿಸುವವರಿಗೆ ಅನುಕೂಲ ಎನ್ನುವುದೂ ಕಾರಣ ಎಂದು ನನ್ನ ಗುಮಾನಿ.

ವಿಚಿತ್ರವೆಂದರೆ ದುಡಿಯುವವರ ತಿಳಿವಳಿಕೆ ಪುಸ್ತಕಕ್ಕಿಂತ ನೆಟ್ಟಗಿದೆ. ಹೊಸದಾಗಿ ನಾಟಿಗೆ ಬಂದ ಹುಡುಗಿಗೆ ಹಿರಿಯಳು, ‘ಮೊದ್ಲೆಲ್ಡು ದಿನ ಹಂಗೇ ಕಣವ್ವ, ಮಾಡ್ತಾ ಮಾಡ್ತಾ ಬಿಡ್ತೈತಿ’ ಎನ್ನುತ್ತಾಳೆ. ಒಮ್ಮೆ ಹರಿದು ಕೂಡಿಕೊಂಡ ಸ್ನಾಯು ಅದೇ ಕೆಲಸಕ್ಕೆ ಮುಂದಿನ ಸಲ ಅಷ್ಟು ಹರಿಯುವುದಿಲ್ಲ. ಶರೀರವಿಜ್ಞಾನಿಗಳು ಅಳೆದು ಖಚಿತಪಡಿಸಿದ ಸಂಗತಿಯಿದು. ಗರಡಿಯ ಹಳೆಯ ಉಸ್ತಾದರೂ ಹೊಸಬನಿಗೆ ಮೊದಲ ದಿನವೇ ನೂರು ಬೈಠಕ್ ಹೊಡೆಸುತ್ತಿರಲಿಲ್ಲ, ದಿನದಿನಕ್ಕೆ ಏರಿಸುತ್ತಿದ್ದರು. ಆಮ್ಲದ ಸಿದ್ಧಾಂತ ಕಲಿತ ಇಂದಿನ ತರಬೇತುದಾರ ಮೊದಲ ದಿನವೇ ತೊಡೆ ಒಡೆಸಿ, ‘ನೋವಾದರೆ ಒಳ್ಳೇದು, ಆಸಿಡ್ ಹೋಗುತ್ತೆ’ ಎನ್ನುತ್ತಾನೆ.

ಇದರಲ್ಲಿ ಜೀವಕ್ಕೆ ಕುತ್ತಿದೆ. ಅಭ್ಯಾಸವಿಲ್ಲದವನನ್ನು ವಿಪರೀತ ದುಡಿಸಿದಾಗ ಸ್ನಾಯು ಎಷ್ಟು ಒಡೆಯಬಹುದೆಂದರೆ, ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೋರಿ ಮೂತ್ರ ಕಂದು, ಕಪ್ಪು ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ನಿಲ್ಲುತ್ತದೆ. ಬಿಸಿಲು, ನೀರಡಿಕೆ, ಮೇಲಿಂದ ನೋವಿನ ಮಾತ್ರೆ ಸೇರಿದರೆ ಅಪಾಯ ಹೆಚ್ಚು. ಅಂಥವನನ್ನು ಆಸಿಡ್ ಎಂದು ಮಾಲೀಶಿಗೆ ಮಲಗಿಸಬಾರದು, ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆ ಸಿಪಿಕೆ. ಅದರಲ್ಲಿ ಅಳೆಯುವುದು ಯಾವುದನ್ನು? ಫಾಸ್ಫೋಕ್ರಿಯಾಟಿನ್ನಿನಿಂದ ಫಾಸ್ಫೇಟ್ ತೆಗೆದು ಎಟಿಪಿ ಕಟ್ಟುವ ಕಿಣ್ವವನ್ನು. ಸ್ನಾಯುವಿನೊಳಗೆ ಇರಬೇಕಾದ್ದು ರಕ್ತದಲ್ಲಿ ವಿಪರೀತ ಕಂಡರೆ ಸ್ನಾಯು ಒಡೆದಿದೆ ಎಂದೇ ಅರ್ಥ. ಸ್ನಾಯುವಿಗೆ ಎಷ್ಟು ಏಟಾಗಿದೆ ಎಂದು ತಿಳಿಯಲು ದಾವಣಗೆರೆಯ ಯಾವ ಆಸ್ಪತ್ರೆಯೂ ಲ್ಯಾಕ್ಟಿಕ್ ಆಮ್ಲ ಅಳೆಯುವುದಿಲ್ಲ.

ಪಾಠಪುಸ್ತಕದ ಆ ಸಾಲನ್ನು ತೆಗೆಯಲು ಆಯೋಗ ಬೇಕಿಲ್ಲ, ಮುಂದಿನ ಮುದ್ರಣದಲ್ಲಿ ಒಂದು ಗೆರೆ ಎಳೆದರೆ ಆಯಿತು. ಅಲ್ಲಿಯವರೆಗೆ ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಶಿಕ್ಷಕರು ಮೊದಲ ದಿನದ ಬೈಠಕ್ ಕಡಿಮೆ ಮಾಡಲಿ, ನಾಟಿ ಹಿಡಿಸುವ ಮೇಸ್ತ್ರಿ ಹೊಸಬರಿಗೆ ಮೊದಲೆರಡು ದಿನ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಡಲಿ. ಪರೀಕ್ಷೆಯಲ್ಲಿ ಸ್ನಾಯುಸೆಳೆತಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ ಎಂದು ಯಾವ ಮಗುವಾದರೂ ಬರೆದರೆ, ಮೌಲ್ಯಮಾಪಕರು ಸೊನ್ನೆ ಹಾಕುವ ಮೊದಲು ಮೆಕಾರ್ಡಲ್‌ನ ರೋಗಿಯನ್ನು ಒಮ್ಮೆ ನೆನೆಯಲಿ.